ಅಮೆರಿಕದ ಅಧ್ಯಕ್ಷರನ್ನು ಬಿಡಿ, ತಿಥಿ ಊಟಕ್ಕೆ ಬನ್ನಿ

ಪ್ರಿಯ ಗೆಳೆಯರೇ,

ಮದ್ದೂರಿನಿಂದ ನೀವು ಕಳಿಸಿದ ಕತೆಯನ್ನು ಎರಡು ಸಲ ಓದಿದೆ. ಕಬ್ಬಿನ ಲಾರಿ ಡ್ರೈವರ್ ಒಬ್ಬ ಅಮೆರಿಕದ ಅಧ್ಯಕ್ಷರಿಗೆ ಬರೆಯುವ ಪತ್ರಗಳು. ಈಗಿರುವ ಹಾಗೆ ನಮ್ಮ ಪತ್ರಿಕೆಗೆ ಆಗುವುದಿಲ್ಲ. ಯಾಕೆ ಅಂತ ಹೇಳಬೇಕಲ್ವಾ?

ಅರವಿಂದ ಅಡಿಗರ ‘ದಿ ವೈಟ್ ಟೈಗರ್’ ಓದಿ ಇದನ್ನು ಬರೆದೆ ಅಂತ ನೀವೇ ಹೇಳಿದ್ದೀರಿ. 2008ರಲ್ಲಿ ಬೂಕರ್ ಬಂದ ಕಾದಂಬರಿ. ಅದರಲ್ಲಿ ಬಲರಾಮ ಅನ್ನೋ ಡ್ರೈವರ್ ಚೀನಾದ ಪ್ರಧಾನಿಗೆ ಪತ್ರ ಬರೆಯುತ್ತಾನೆ. ಯಜಮಾನನನ್ನು ಕೊಂದು, ಅವನ ದುಡ್ಡಲ್ಲೇ ಬೆಂಗಳೂರಲ್ಲಿ ಟ್ಯಾಕ್ಸಿ ವ್ಯಾಪಾರಕ್ಕೆ ಇಳಿದದ್ದನ್ನು ಅಂಗಡಿ ಲೆಕ್ಕ ಒಪ್ಪಿಸುವ ಹಾಗೆ ಒಪ್ಪಿಸುತ್ತಾನೆ. ನಗು ಬರುತ್ತದೆ, ಹಿಂದೆಯೇ ಭಯ. ನಿಮ್ಮ ಡ್ರೈವರ್ ವಿಷಯದಲ್ಲಿ ಹಾಗಾಗಲಿಲ್ಲ. ಅವನ ಹರುಕು ಇಂಗ್ಲಿಷಿಗೆ ನೀವು ಪುಟಕ್ಕೆ ಮೂರು ಸಲ ನಕ್ಕಿದ್ದೀರಿ. ಸಕ್ಕರೆ ಕಾರ್ಖಾನೆಯವರಿಗೆ ಒಂದು ಗೀರೂ ಬಿದ್ದಿಲ್ಲ.

ನಮ್ಮ ಮೈಸೂರಿನ ಯಾದವಗಿರಿಯಲ್ಲಿದ್ದ ಆರ್.ಕೆ. ನಾರಾಯಣ್ ಅವರನ್ನು ಸುಮ್ನೆ ‘ಸೌಮ್ಯ ಹಾಸ್ಯ’ ಅಂತ ಪಕ್ಕಕ್ಕಿಡಬೇಡಿ. 1961ರ ‘ದಿ ಮ್ಯಾನ್‌ಈಟರ್ ಆಫ್ ಮಾಲ್ಗುಡಿ’ಯಲ್ಲಿ ವಾಸು ಇದ್ದಾನೆ. ಸತ್ತ ಪ್ರಾಣಿಗಳಿಗೆ ಹೊಟ್ಟು ತುಂಬಿ ನಿಲ್ಲಿಸುವವನು, ಊರೇ ಹೆದರುವ ಬಲಶಾಲಿ. ಕೊನೆಗೆ ಸೊಳ್ಳೆ ಹೊಡೆಯಲು ಹೋಗಿ, ತನ್ನ ಹಣೆಗೆ ತಾನೇ ಗುದ್ದಿಕೊಂಡು ಸಾಯುತ್ತಾನೆ. ನಮ್ಮ ಭಸ್ಮಾಸುರನೇ! ನಾರಾಯಣ್ ಅಲ್ಲಿ ದನಿ ಎತ್ತುವುದೇ ಇಲ್ಲ.

ನಿಮ್ಮ ಏಳನೇ ಪುಟಕ್ಕೆ ಬರುತ್ತೇನೆ. ರೈತನೊಬ್ಬನ ಮನೆಯಲ್ಲಿ ಅಪ್ಪನ ತಿಥಿ. ಪಂಕ್ತಿ ಕೂತಿದೆ. ಹದಿನಾಲ್ಕು ತಿಂಗಳು ಕಾದರೂ ಬಾರದ ಕಾರ್ಖಾನೆಯ ಕಬ್ಬು ಕಟಾವಿನ ಆರ್ಡರ್, ಸತ್ತ ಅಪ್ಪನ ಹೆಸರಿಗೆ, ಅಪ್ಪನ ಮೊಬೈಲಿಗೇ ಬರುತ್ತದೆ. ಮಗ ಎಲೆ ಮಡಚದೆ ಎದ್ದು ಮಚ್ಚು ಹುಡುಕುತ್ತಾನೆ. ‘ವಡೆ ಆಮೇಲೆ ತಿನ್ನಿ, ಗದ್ದೆಗೆ ನಡೀರಿ’ ಅನ್ನುತ್ತಾನೆ ಚಿಕ್ಕಪ್ಪ. ಓದುತ್ತಾ ಜೋರಾಗಿ ನಕ್ಕುಬಿಟ್ಟೆ. ಆಮೇಲೆ ಕಾಫಿ ಕುಡಿಯಲಾಗಲಿಲ್ಲ.

ಮರುಸಾಲಲ್ಲೇ ನೀವು ‘ಎಂಥಾ ವ್ಯವಸ್ಥೆ ನೋಡಿ, ಅಧ್ಯಕ್ಷರೇ!’ ಅಂತ ಕೂಗಿದ್ದೀರಿ. ಬಾಯಿಗಿಟ್ಟ ತುತ್ತು ಕಿತ್ತುಕೊಂಡ ಹಾಗಾಯಿತು.

ಆ ಸಾಲು ತೆಗೆಯಿರಿ. ಅಧ್ಯಕ್ಷರನ್ನೂ ತೆಗೆಯಿರಿ. ಕತೆ ಎಲೆ ಹಾಕುವಲ್ಲಿ ಶುರುವಾಗಲಿ, ಆರು ಪುಟ ಸಾಕು. ಮಂಡ್ಯದ ಮಾತು ಜಾಸ್ತಿ ಇರಲಿ, ಅದನ್ನು ತಿದ್ದಬೇಡಿ. ಇನ್ನೊಂದು: ಕಬ್ಬು ಸಾಗಿಸಲು ಬಂದ ನಿಮ್ಮ ಡ್ರೈವರ್‌ನನ್ನೂ ಯಾರೋ ಪಂಕ್ತಿಗೆ ಕೂರಿಸುತ್ತಾರೆ. ಅವನು ಪಾಯಸ ಹಾಕಿಸಿಕೊಂಡನೋ, ಬೇಡ ಅಂದನೋ ಬರೆದಿಲ್ಲ. ಅದನ್ನು ಬರೆದು ಕಳಿಸಿ.