ಮಣ್ಣಿನ ಮೇಲೆ ಓಡುವ ಬೋರ್ಡಿಗೆ ಮಳಿಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮೂರಿನ ಕೈಗಾರಿಕಾ ವಸ್ತುಪ್ರದರ್ಶನದಲ್ಲಿ ಮೂರು ದಿನಕ್ಕೆ ಮಳಿಗೆ ಹಿಡಿದಿದ್ದೇವೆ. ಅಳತೆ 3×3 ಮೀಟರ್. ಮೇಲೆ ನಿಂತು ಮಣ್ಣಿನ ಗುಡ್ಡ ಇಳಿಯುವ, ಗಾಳಿ ತುಂಬಿದ ನಾಲ್ಕು ಚಕ್ರದ ಮೌಂಟನ್‌ಬೋರ್ಡನ್ನು ಪರಿಚಯಿಸಬೇಕು. ಎರಡು ಬೋರ್ಡ್ ಗೋಡೆಗೆ ನೇತುಹಾಕಿ ಟಿ.ವಿ.ಯಲ್ಲಿ ವಿಡಿಯೊ ಬಿಟ್ಟರೆ ಸಾಕೇ? – ವಿದ್ಯಾನಗರ, ದಾವಣಗೆರೆ

ಉತ್ತರ: ಸಾಲದು. ವಿಡಿಯೊ ನೋಡಿದವರು 'ಚೆನ್ನಾಗಿದೆ' ಎಂದು ಮುಂದಿನ ಮಳಿಗೆಗೆ ಹೋಗುತ್ತಾರೆ. ಈ ಆಟ 1990ರ ದಶಕದ ಆರಂಭದಲ್ಲಿ ಹುಟ್ಟಿದ್ದು. ಹಿಮ ಕರಗಿದ ಮೇಲೂ ಗುಡ್ಡ ಇಳಿಯಬೇಕು ಎಂದುಕೊಂಡ ಸ್ನೋಬೋರ್ಡ್ (ಹಿಮದ ಮೇಲೆ ಜಾರುವ ಹಲಗೆ) ಆಟಗಾರರಿಗೆ ಅದನ್ನು ವಿವರಿಸಬೇಕಾಗಿರಲಿಲ್ಲ. ಹಿಮವನ್ನೇ ಕಾಣದ ನಮ್ಮ ಕಡೆಯವರಿಗೆ ಹೋಲಿಸಿ ನೋಡಲು ಏನೂ ಇಲ್ಲ. ಆದ್ದರಿಂದ ಅವರ ಕಾಲಿಗೇ ತಿಳಿಯುವಂತೆ ಮಾಡಬೇಕು. ಬೋರ್ಡ್ ಮೇಲೆ ನಿಂತು ಒಂದು ಬದಿಗೆ ವಾಲಿದಾಗ ಚಕ್ರಗಳು ತಾವಾಗಿಯೇ ಆ ಕಡೆ ತಿರುಗುತ್ತವಲ್ಲ, ಆ ಅನುಭವವೇ ನಿಮ್ಮ ಜಾಹೀರಾತು.

3×3 ಮೀಟರಿನಲ್ಲಿ ಓಡಿಸಲಾಗದು, ನಿಲ್ಲಿಸಬಹುದು. 4×2 ಅಡಿಯ 12 ಮಿ.ಮೀ. ಪ್ಲೈವುಡ್ ತುಂಡು ತನ್ನಿ. ಬೋರ್ಡನ್ನು ಅದರ ಮೇಲಿಟ್ಟು ಪ್ರತಿ ಚಕ್ರದ ಮುಂದೊಂದು, ಹಿಂದೊಂದು ಒಂದೂವರೆ ಇಂಚಿನ ಮರದ ರೀಪರ್ ತುಂಡು ಸ್ಕ್ರೂ ಹಾಕಿ ಕೂರಿಸಿ. ಚಕ್ರಕ್ಕೂ ರೀಪರಿಗೂ ನಡುವೆ ಅರ್ಧ ಇಂಚು ಸಂದು ಇರಲೇಬೇಕು. ಬಹಳ ಜನ ಇಲ್ಲೇ ತಪ್ಪುತ್ತಾರೆ. ಹಲಗೆ ವಾಲಿದಾಗ ಅಚ್ಚು (ಆಕ್ಸಲ್) ಓರೆಯಾಗುತ್ತದೆ, ಒಂದು ಚಕ್ರ ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಸರಿಯುತ್ತದೆ. ರೀಪರ್ ಬಿಗಿಯಾಗಿ ಒತ್ತಿಕೊಂಡಿದ್ದರೆ ಅಚ್ಚು ತಿರುಗುವುದಿಲ್ಲ, ಮೇಲೆ ನಿಂತವರಿಗೆ ಬರೀ ಹಲಗೆಯ ಮೇಲೆ ನಿಂತಂತೆ ಆಗುತ್ತದೆ. ಪ್ಲೈವುಡ್ ಅಡಿಗೆ ಹಳೆಯ ರಬ್ಬರ್ ಮ್ಯಾಟ್ ಹಾಸಿ, ಇಲ್ಲವಾದರೆ ನುಣುಪು ನೆಲದ ಮೇಲೆ ಇಡೀ ತಟ್ಟೆಯೇ ಜಾರೀತು. ಹಿಡಿದುಕೊಳ್ಳಲು ಎದೆಮಟ್ಟದ ಒಂದು ಕಂಬಿ ಇರಲಿ.

ಟೇಬಲ್ಲನ್ನು ಮುಂದೆ ಅಡ್ಡ ಹಾಕಬೇಡಿ, ಹಿಂಗೋಡೆಗೆ ತಳ್ಳಿ. ಪ್ರದರ್ಶನದವರು ಕೊಡುವ ಅಲ್ಯೂಮಿನಿಯಂ ಚೌಕಟ್ಟಿನ ತೆಳು ಹಾಳೆಗೋಡೆಗೆ ಮೊಳೆ ಹೊಡೆಯಲು ಸಾಮಾನ್ಯವಾಗಿ ಬಿಡುವುದಿಲ್ಲ. ಬಿಟ್ಟರೂ ಆರೇಳು ಕಿಲೊ ತೂಕದ ಬೋರ್ಡನ್ನು ಅದು ಹೊರುವುದಿಲ್ಲ. ಒಂದಿಂಚಿನ ಚೌಕ ಪೈಪಿನಲ್ಲಿ ತಾನೇ ನಿಲ್ಲುವ ಸ್ಟ್ಯಾಂಡನ್ನು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿಕೊಳ್ಳಿ. ಒಂದು ಬೋರ್ಡನ್ನು ತಲೆಕೆಳಗಾಗಿ ಇಡಿ. ಕೈಗಾರಿಕೆಯವರು ಮೊದಲು ನೋಡುವುದು ಕೆಳಭಾಗವನ್ನು: ಅಚ್ಚು, ಸ್ಪ್ರಿಂಗು, ಬೇರಿಂಗು. ಲೇತ್ ನಡೆಸುವವರು ಅಲ್ಲಿ ಹತ್ತು ನಿಮಿಷ ನಿಲ್ಲುತ್ತಾರೆ, ಅವರೊಂದಿಗೆ ಮಾತು ಬೆಳೆಸಿ.

ಮಳಿಗೆಯ ನೆತ್ತಿಪಟ್ಟಿಯ ಮೇಲೆ ಸಂಸ್ಥೆಯ ಹೆಸರನ್ನಷ್ಟೇ ಬರೆಸಿದರೆ ಯಾರಿಗೂ ಏನೂ ತಿಳಿಯದು. 'ಮಣ್ಣಿನ ಮೇಲೆ ಓಡುವ ಬೋರ್ಡ್' ಎಂದು ಕನ್ನಡದಲ್ಲಿ ಬರೆಸಲು ಮುಂಚೆಯೇ ಹೇಳಿ. ವಿಡಿಯೊ ಇರಲಿ, ಆದರೆ 40 ಸೆಕೆಂಡಿನದು, ಸದ್ದಿಲ್ಲದ್ದು. ಅದರಲ್ಲಿ ಎತ್ತರಕ್ಕೆ ಹಾರಿ ತಿರುಗುವ ದೃಶ್ಯ ಕಡಿಮೆ ಮಾಡಿ, ಹೊಸಬರೊಬ್ಬರು ನಿಧಾನವಾಗಿ ಇಳಿಯುವುದನ್ನು ತೋರಿಸಿ. ಹಾರುವುದನ್ನು ಕಂಡ ತಂದೆತಾಯಿ ಮಕ್ಕಳ ಕೈ ಹಿಡಿದು ಎಳೆದುಕೊಂಡು ಹೋಗುತ್ತಾರೆ.

ಪ್ರಶ್ನೆ: ಸಭಾಂಗಣದ ಹೊರಗೆ ಜಾಗ ಕೊಡುತ್ತೇವೆ ಎಂದಿದ್ದಾರೆ. ಜನ ಹತ್ತಿ ಇಳಿಯಲು ಪುಟ್ಟ ಇಳಿಜಾರು ಕಟ್ಟುವುದು ಹೇಗೆ? ಎಷ್ಟು ಎತ್ತರ ಇರಬೇಕು? – ಹರಿಹರ

ಉತ್ತರ: ಒಂದು ಅಡಿ. ಅದಕ್ಕಿಂತ ಹೆಚ್ಚು ಬೇಡ, ಯಾರು ಎಷ್ಟೇ ಒತ್ತಾಯಿಸಿದರೂ ಬೇಡ.

ಲೆಕ್ಕ ನೋಡಿ. 8×4 ಅಡಿಯ 18 ಮಿ.ಮೀ. ಪ್ಲೈವುಡ್ ಹಾಳೆಯ ಒಂದು ತುದಿಯನ್ನು 30 ಸೆಂ.ಮೀ. ಎತ್ತಿದರೆ ಸುಮಾರು 7 ಡಿಗ್ರಿ ಇಳಿಜಾರು ಸಿಗುತ್ತದೆ. ತಳ ಮುಟ್ಟುವ ಹೊತ್ತಿಗೆ ವೇಗ ಗಂಟೆಗೆ 7-8 ಕಿ.ಮೀ., ಅಂದರೆ ಮೆಲ್ಲಗೆ ಓಡುವ ಮನುಷ್ಯನ ವೇಗ. ಜೊತೆಗಾರ ಪಕ್ಕದಲ್ಲೇ ಓಡಿ ಕೈ ಹಿಡಿಯಬಹುದು. ಎತ್ತರವನ್ನು 60 ಸೆಂ.ಮೀ.ಗೆ ಏರಿಸಿದರೆ ವೇಗ 11-12ಕ್ಕೆ ಹೋಗುತ್ತದೆ, ಹಿಡಿಯುವುದು ಕಷ್ಟ.

ಹಾಳೆಯ ಅಡಿಗೆ ಉದ್ದಕ್ಕೆ ಮೂರು ಮರದ ತೊಲೆ, ಅಡ್ಡಲಾಗಿ 40 ಸೆಂ.ಮೀ.ಗೊಂದು ಪಟ್ಟಿ ಕೊಡಿ. ಇಲ್ಲದಿದ್ದರೆ 80 ಕಿಲೊ ಮನುಷ್ಯ ನಡುವೆ ಬಂದಾಗ ಹಾಳೆ ಬಾಗಿ ಬೋರ್ಡ್ ಕುಲುಕುತ್ತದೆ. ಮೇಲೆ ನಿಲ್ಲಲು 4×4 ಅಡಿ ಕಟ್ಟೆ, ಅದಕ್ಕೆ ಒಂದು ಮೆಟ್ಟಿಲು, ಮೂರು ಬದಿಗೆ ಕಂಬಿ. ಹಾಳೆಯ ಕೆಳತುದಿಯಲ್ಲಿ 18 ಮಿ.ಮೀ. ಮೆಟ್ಟು ಉಳಿಯುತ್ತದೆ. 8 ಇಂಚಿನ ಚಕ್ರಕ್ಕೆ ಅದು ಏನೂ ಅಲ್ಲ, ಆದರೆ ಮೊದಲ ಬಾರಿ ನಿಂತವರು ಆ ಒಂದು ಕುಲುಕಿಗೇ ಬೀಳುತ್ತಾರೆ. ಅಂಚನ್ನು ಓರೆಯಾಗಿ ಹೆರೆದು, ಮೇಲೆ 30 ಸೆಂ.ಮೀ. ಅಗಲದ ತೆಳು ಕಬ್ಬಿಣದ ತಗಡು ಕೂರಿಸಿ. ತಗಡಿನ ಚೂಪು ಮೂಲೆಗಳನ್ನು ಅರದಿಂದ ಉಜ್ಜಿ ಗುಂಡಗೆ ಮಾಡಿ.

ಮುಂದೆ ಎಷ್ಟು ಜಾಗ ಬೇಕು ಎಂಬುದು ನೆಲವನ್ನು ಅವಲಂಬಿಸಿದೆ. ಕಾಂಕ್ರೀಟಿನ ಮೇಲೆ ಬೋರ್ಡ್ ಹತ್ತು ಹನ್ನೆರಡು ಮೀಟರ್ ಉರುಳಿ ನಿಲ್ಲುತ್ತದೆ, ಗಟ್ಟಿ ಗರಸಿನ ಮೇಲೆ ಅದರ ಅರ್ಧ, ಹುಲ್ಲಿನ ಮೇಲೆ ಮೂರು ನಾಲ್ಕು ಮೀಟರ್. ಹುಲ್ಲಾದರೆ ಉತ್ತಮ. ಕಾಂಕ್ರೀಟಾದರೆ 15 ಮೀಟರ್ ಬಿಟ್ಟು ಕೊನೆಯಲ್ಲಿ ಹುಲ್ಲು ತುಂಬಿದ ಗೋಣಿಚೀಲಗಳ ಸಾಲು ಇಡಿ. ಅಗಲ ಮೂರು ಮೀಟರ್, ಎರಡೂ ಬದಿಗೆ ಹಗ್ಗ. ಜನ ಹಗ್ಗದ ಒಳಗೆ ನುಗ್ಗುವುದೇ ದೊಡ್ಡ ಅಪಾಯ, ಬೀಳುವವರಿಗಿಂತ ಎದುರಿಗೆ ಸಿಗುವ ಮಗುವಿಗೇ ಪೆಟ್ಟು ಹೆಚ್ಚು. ಒಬ್ಬರು ಮೇಲೆ, ಒಬ್ಬರು ಪಕ್ಕದಲ್ಲಿ, ಒಬ್ಬರು ಹಗ್ಗದ ಬಳಿ: ಮೂವರಿಲ್ಲದೆ ಇಳಿಜಾರು ತೆರೆಯಬೇಡಿ.

ಬೋರ್ಡನ್ನೂ ಹೊಸಬರಿಗೆ ತಕ್ಕಂತೆ ಹದ ಮಾಡಬೇಕು. ಸ್ಪ್ರಿಂಗುಗಳನ್ನು ಎರಡೂ ಬದಿಗೆ ಸಮನಾಗಿ ಬಿಗಿ ಮಾಡಿ, ಅಲುಗಾಟ ಕಡಿಮೆಯಾಗುತ್ತದೆ. ಒಂದೇ ಬದಿ ಬಿಗಿಯಾದರೆ ಬೋರ್ಡ್ ನೇರ ಹೋಗದೆ ಹಗ್ಗದ ಕಡೆ ಎಳೆಯುತ್ತದೆ. ಟೈರಿಗೆ 20-25 ಪಿಎಸ್‌ಐ ಗಾಳಿ ಸಾಕು, ನಿಧಾನವಾಗಿ ಉರುಳುತ್ತದೆ. ಕಾಲುಪಟ್ಟಿಗಳನ್ನು ಬಿಗಿಯಬೇಡಿ. ಬಿಗಿದ ಪಟ್ಟಿ ಗುಡ್ಡದಲ್ಲಿ ಪಳಗಿದವರಿಗೆ ಬೇಕು, ಇಲ್ಲಿ ಬೀಳುವವರಿಗೆ ಕಾಲು ಬಿಡಿಸಿಕೊಳ್ಳಲು ಆಗಬೇಕು.

ನಿಲ್ಲಿಸುವಾಗ ಹೇಳಬೇಕಾದದ್ದು ಮೂರೇ ಮಾತು: ಮಂಡಿ ಬಗ್ಗಿಸಿ, ಮುಂದಿನ ಕಾಲಿನ ಮೇಲೆ ತುಸು ಹೆಚ್ಚು ಭಾರ ಹಾಕಿ, ನೆಲವನ್ನಲ್ಲ ದೂರ ನೋಡಿ. ಇಳಿಜಾರು ಕಂಡ ಕೂಡಲೇ ಎಲ್ಲರೂ ಹೆದರಿ ಹಿಂದಕ್ಕೆ ವಾಲುತ್ತಾರೆ. ಆಗ ಬೋರ್ಡ್ ಮುಂದೆ ಚಿಮ್ಮಿ ಮನುಷ್ಯ ಹಿಂದೆ ಬೀಳುತ್ತಾನೆ, ಅಂಗೈ ಊರಿ ಮಣಿಕಟ್ಟಿಗೆ ಪೆಟ್ಟು. ಅದಕ್ಕೇ ಹೆಲ್ಮೆಟ್ಟಿನಷ್ಟೇ ಮಣಿಕಟ್ಟಿನ ಗಾರ್ಡೂ ಮುಖ್ಯ. ಮಂಡಿ, ಮೊಣಕೈ ಪ್ಯಾಡೂ ಇರಲಿ. ಹೆಲ್ಮೆಟ್ ಮೂರು ಅಳತೆಯಲ್ಲಿ ಎರಡೆರಡು ಬೇಕು. ಒಬ್ಬರ ಬೆವರು ಇನ್ನೊಬ್ಬರಿಗೆ ಬೇಡವೆಂದರೆ ಬಿಸಾಡುವ ತೆಳು ಟೋಪಿಗಳ ಒಂದು ಕಟ್ಟು ಇಟ್ಟುಕೊಳ್ಳಿ.

ಚಪ್ಪಲಿ, ಸೀರೆ, ಪಂಚೆಯಲ್ಲಿ ಬಂದವರನ್ನು ಇಳಿಜಾರಿಗೆ ಹತ್ತಿಸಬೇಡಿ, ಅವರಿಗೆ ಮಳಿಗೆಯೊಳಗೆ ಬೋರ್ಡ್ ನಿಲ್ಲಿಸಿದ ಪ್ಲೈವುಡ್ ತಟ್ಟೆ ಇದೆ. 6ರಿಂದ 10ರವರೆಗಿನ ಅಳತೆಯ ಕ್ಯಾನ್ವಾಸ್ ಶೂ ಒಂದೊಂದು ಜೊತೆ ಇದ್ದರೆ ಬಹಳ ಜನರನ್ನು ವಾಪಸ್ ಕಳಿಸಬೇಕಾಗುವುದಿಲ್ಲ. ಒಪ್ಪಿಗೆ ಪತ್ರ ಕನ್ನಡದಲ್ಲಿ, ಒಂದೇ ಪುಟ. 18 ತುಂಬದವರಿಗೆ ಪೋಷಕರು ಎದುರಿಗೇ ಸಹಿ ಹಾಕಬೇಕು. ಸಹಿ ಇದೆ ಎಂದು ಹೊಣೆ ತಪ್ಪುವುದಿಲ್ಲ, ಮೂರು ದಿನಕ್ಕೆ ಸಾರ್ವಜನಿಕ ಹೊಣೆಗಾರಿಕೆಯ ವಿಮೆ ಮಾಡಿಸಿ, ಅದರಲ್ಲಿ 'ಜನ ಸ್ವತಃ ಬೋರ್ಡ್ ಹತ್ತುತ್ತಾರೆ' ಎಂದು ಸ್ಪಷ್ಟವಾಗಿ ಬರೆಸಿ. ಮಳೆ ಹನಿದರೆ ಇಳಿಜಾರು ಬಂದ್. ಒದ್ದೆ ಪ್ಲೈವುಡ್ ಮೇಲೆ ರಬ್ಬರ್ ನಿಲ್ಲುವುದಿಲ್ಲ.

ಪ್ರಶ್ನೆ: ನಮ್ಮದು ಸೈಕಲ್ ಅಂಗಡಿ. ಇಂಥ ಮಳಿಗೆಯವರು ಮಾರಾಟಕ್ಕೆ ಕರೆದರೆ ಏನು ಕೇಳಬೇಕು? ಬಿಡಿಭಾಗ ಇಲ್ಲಿ ಸಿಗುತ್ತವೆಯೇ? – ಚಿತ್ರದುರ್ಗ

ಉತ್ತರ: ಸರಿಯಾದ ಪ್ರಶ್ನೆ. ಮಳಿಗೆ ಹಾಕುವವರೂ ಇದಕ್ಕೆ ಉತ್ತರ ಸಿದ್ಧ ಇಟ್ಟುಕೊಂಡಿರಬೇಕು. ಲಾಭಾಂಶ ಎಷ್ಟು ಎಂದು ಕೇಳುವ ಮೊದಲು ಅಚ್ಚಿನ ದಪ್ಪ ಕೇಳಿ. ಈ ಬೋರ್ಡುಗಳು 9.5 ಮಿ.ಮೀ. ಅಚ್ಚಿನಲ್ಲೂ ಬರುತ್ತವೆ, 12 ಮಿ.ಮೀ. ಅಚ್ಚಿನಲ್ಲೂ ಬರುತ್ತವೆ. 12ರದ್ದಕ್ಕೆ ಕೂರುವುದು 12×28×8 ಮಿ.ಮೀ. ಬೇರಿಂಗ್, ಅಂದರೆ ಮೋಟರ್ ರಿಪೇರಿಯವರು ದಿನವೂ ಬಳಸುವ 6001. ಎರಡೂ ಬದಿ ರಬ್ಬರ್ ಸೀಲ್ ಇರುವ 6001-2ಆರ್‌ಎಸ್ ಕೇಳಿ ತೆಗೆದುಕೊಳ್ಳಿ. ಒಂದು ಚಕ್ರಕ್ಕೆ ಎರಡು, ಬೋರ್ಡಿಗೆ ಎಂಟು. 9.5ರದ್ದಕ್ಕೆ ಬೇಕಾದ ಬೇರಿಂಗ್ ಸಾಮಾನ್ಯ ಅಂಗಡಿಯ ಸಾಲಿನಲ್ಲಿ ಇಲ್ಲ, ಪ್ರತಿ ಸಲ ತರಿಸಬೇಕು. ನಮ್ಮ ಊರುಗಳಿಗೆ 12 ಮಿ.ಮೀ. ಅಚ್ಚಿನದನ್ನೇ ಒಪ್ಪಿ.

ಎರಡು ಬೇರಿಂಗುಗಳ ನಡುವೆ ಒಂದು ಪುಟ್ಟ ಕೊಳವೆ ಇರುತ್ತದೆ. ಬಿಚ್ಚಿದಾಗ ಉರುಳಿ ಕಳೆದುಹೋಗುವುದು ಅದೇ. ಅದಿಲ್ಲದೆ ನಟ್ ಬಿಗಿದರೆ ಬೇರಿಂಗುಗಳ ಒಳಬಳೆಗಳು ಒಂದಕ್ಕೊಂದು ಒತ್ತಿ ಚಕ್ರ ಬಿಗಿಯುತ್ತದೆ, ಗುಂಡುಗಳು ಬೇಗ ಹಾಳಾಗುತ್ತವೆ. ಆ ಕೊಳವೆಯನ್ನು ಅಳತೆ ಕೊಟ್ಟರೆ ಲೇತಿನವರು ಮಾಡಿಕೊಡುತ್ತಾರೆ.

ಟ್ಯೂಬಿಗೆ ಇರುವುದು ಬೈಕು, ಕಾರಿನ ಟ್ಯೂಬಿಗೆ ಇರುವಂಥ ವಾಲ್ವು. ಸಾದಾ ಸೈಕಲ್ ಪಂಪು ಕೂರುವುದಿಲ್ಲ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಕೂರುತ್ತದೆ, ಆದರೆ ಟ್ಯೂಬು ಚಿಕ್ಕದು, ಕಣ್ಣು ಮಿಟುಕಿಸುವಷ್ಟರಲ್ಲಿ ಒಡೆಯುತ್ತದೆ. ಮೀಟರ್ ಇರುವ ಕಾಲುಪಂಪು ಬಳಸಿ, ಟೈರಿನ ಮೇಲೆ ಬರೆದ ಮಿತಿ ದಾಟಬೇಡಿ.

ಚಕ್ರದ ಹಬ್ ಎರಡು ಹೋಳು ಕೂಡಿಸಿ ಬೋಲ್ಟ್ ಹಾಕಿದ್ದಾದರೆ, ಗಾಳಿ ಪೂರ್ತಿ ಬಿಡದೆ ಬೋಲ್ಟ್ ಸಡಿಲಿಸಲೇಬೇಡಿ. ಹೋಳುಗಳು ಮುಖಕ್ಕೆ ಸಿಡಿಯುತ್ತವೆ. ಮರಳಿ ಜೋಡಿಸುವಾಗ ಟ್ಯೂಬಿಗೆ ತುಸುವೇ ಗಾಳಿ ತುಂಬಿ ಗುಂಡಗೆ ಮಾಡಿಕೊಳ್ಳಿ, ಹಾಗಾದರೆ ಅದು ಹೋಳುಗಳ ನಡುವೆ ಸಿಕ್ಕಿ ಕಚ್ಚುವುದಿಲ್ಲ. ಹೊಸ ಟ್ಯೂಬ್ ಹಾಕಿದ ದಿನವೇ ಪಂಕ್ಚರ್ ಆಯಿತೆಂದರೆ ಕಾರಣ ಬಹುಪಾಲು ಇದೇ.

ಮೂರು ಬೋರ್ಡ್ ಇಟ್ಟರೆ ನಾಲ್ಕು ಟ್ಯೂಬು, ಎರಡು ಟೈರು, ಎಂಟು ಬೇರಿಂಗು, ಒಂದು ಡಜನ್ ನೈಲಾನ್ ಲಾಕ್‌ನಟ್ಟು, ಎರಡು ಜೊತೆ ಕಾಲುಪಟ್ಟಿ ಇಟ್ಟುಕೊಳ್ಳಿ. ಇವನ್ನು ಮೊದಲ ಸರಕಿನ ಜೊತೆಗೇ ಕೊಡಲು ಒಪ್ಪದವರ ಬಳಿ ಬೋರ್ಡ್ ತೆಗೆದುಕೊಳ್ಳಬೇಡಿ. ನೂರು ರೂಪಾಯಿಯ ಭಾಗ ಸಿಗದೆ ಮೂಲೆಗೆ ಬಿದ್ದ ಒಂದು ಬೋರ್ಡ್ ಊರಿಡೀ ಆಟದ ಹೆಸರು ಕೆಡಿಸುತ್ತದೆ.

ಪ್ರಶ್ನೆ: ಹಲಗೆಯನ್ನು ನಮ್ಮಲ್ಲೇ ಮಾಡಿಸಿದರೆ ಅಗ್ಗವಲ್ಲವೇ? – ದಾವಣಗೆರೆ

ಉತ್ತರ: ಸ್ಟ್ಯಾಂಡು, ಇಳಿಜಾರು, ಕೊಳವೆ ಎಲ್ಲ ಇಲ್ಲೇ ಮಾಡಿಸಿ. ಹಲಗೆ ಬೇಡ. ಸುಮಾರು ಒಂದು ಮೀಟರ್ ಉದ್ದದ ಹಲಗೆಯ ಎರಡು ತುದಿಗೆ ಅಚ್ಚು, ನಡುವೆ ಮನುಷ್ಯ. ಅದು ಬಾಗಬೇಕು, ಮತ್ತೆ ಮೊದಲಿನಂತೆ ನೆಟ್ಟಗಾಗಬೇಕು. ಪೀಠೋಪಕರಣದ ಪ್ಲೈವುಡ್ ಕೆಲವು ದಿನ ತಾಳಿ ಪದರ ಬಿಡುತ್ತದೆ, ಅದೂ ಇಳಿಯುವಾಗಲೇ.

ಪ್ರಶ್ನೆ: ಪ್ರದರ್ಶನ ಮುಗಿದ ಮೇಲೆ ಆಸಕ್ತರನ್ನು ಎಲ್ಲಿಗೆ ಕರೆಯಬೇಕು? ಕೋಟೆಯ ಬಳಿ, ಜೋಗಿಮಟ್ಟಿಯಲ್ಲಿ ಒಳ್ಳೆಯ ಇಳಿಜಾರು ಇದೆಯಲ್ಲ? – ಚಿತ್ರದುರ್ಗ

ಉತ್ತರ: ಎರಡೂ ಬೇಡ. ಕೋಟೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ. ಜೋಗಿಮಟ್ಟಿ ಅರಣ್ಯ ಇಲಾಖೆಯದು, ಅನುಮತಿಯಿಲ್ಲದೆ ಅಲ್ಲಿ ಚಕ್ರ ಇಳಿಸಿದರೆ ಆಟ ಶುರುವಾಗುವ ಮೊದಲೇ ನಿಷೇಧಕ್ಕೆ ಗುರಿಯಾಗುತ್ತದೆ. ಕೆರೆ ಏರಿಯೂ ಬೇಡ, ಒಂದು ಕಡೆ ನೀರು, ಒಂದು ಕಡೆ ಕಡಿದಾದ ಇಳುಕಲು.

ಹುಡುಕಬೇಕಾದದ್ದು ಖಾಸಗಿ ಜಮೀನಿನ ಕೆಂಪು ಗರಸಿನ ಇಳಿಜಾರು, ಚಿತ್ರದುರ್ಗದ ಸುತ್ತ ಇದಕ್ಕೆ ಕೊರತೆಯಿಲ್ಲ. ಹೊಸಬರಿಗೆ ಹನ್ನೆರಡು ಅಡಿಗೆ ಒಂದು ಅಡಿ ಇಳಿತ, 20 ಮೀಟರ್ ಉದ್ದ, ಆಮೇಲೆ 25 ಮೀಟರ್ ಮಟ್ಟಸ ನೆಲ ಅಥವಾ ತುಸು ಏರು. ವೇಗ 13 ಕಿ.ಮೀ. ಆಸುಪಾಸಿನಲ್ಲಿ ನಿಲ್ಲುತ್ತದೆ. ಅದೇ ಹತ್ತಕ್ಕೆ ಒಂದರ ಇಳಿತದಲ್ಲಿ 50 ಮೀಟರ್ ಬಿಟ್ಟರೆ 25 ಕಿ.ಮೀ. ಮುಟ್ಟುತ್ತದೆ, ಅದು ತಿರುಗಿಸಿ ನಿಲ್ಲಿಸಲು ಕಲಿತವರಿಗೆ. ಹಿಂದಿನ ದಿನ ಮುಷ್ಟಿಗಿಂತ ದೊಡ್ಡ ಕಲ್ಲು, ಜಾಲಿ ಮುಳ್ಳು ಆರಿಸಿ ತೆಗೆಯಿರಿ. ದಾವಣಗೆರೆ ಕಡೆಯ ಎರೆಹೊಲ ಒಣಗಿದಾಗ ಬಿರುಕು, ನೆನೆದಾಗ ಅಂಟು, ಎರಡೂ ಆಗದು. ಬಯಲಲ್ಲಿ ಟೆಂಟ್ ಹಾಕಿದರೆ ನಾಲ್ಕೂ ಕಾಲಿಗೆ 20 ಕಿಲೊ ಮರಳು ಚೀಲ ಕಟ್ಟಿ. ಚಿತ್ರದುರ್ಗ ಗಾಳಿಯಂತ್ರ ನೆಟ್ಟಿರುವ ಗುಡ್ಡಗಳ ಊರು.

ಇನ್ನೊಂದು: ಮಳಿಗೆಗೆ ಬಂದವರಿಗೆ 'ಫೋನ್ ಮಾಡುತ್ತೇವೆ' ಎನ್ನಬೇಡಿ. ಮುಂದಿನ ಭಾನುವಾರ, ಬೆಳಿಗ್ಗೆ 7 ಗಂಟೆ, ಇಂಥ ಜಾಗ, ಶೂ ಹಾಕಿಕೊಂಡು ಬನ್ನಿ ಎಂದು ಅಚ್ಚು ಹಾಕಿಸಿದ ಚೀಟಿ ಕೈಗೆ ಕೊಡಿ. ಶಾಲೆಗಳ ದೈಹಿಕ ಶಿಕ್ಷಕರು, ರೆಸಾರ್ಟ್ ನಡೆಸುವವರು, ಸೈಕಲ್ ಅಂಗಡಿಯವರು ಬಂದರೆ ಚೀಟಿಯ ಹಿಂದೆ ಅವರ ಕೆಲಸ ಬರೆದುಕೊಳ್ಳಿ, ಈ ಮೂವರಿಗೆ ಭಾನುವಾರದ ಮೊದಲ ಸರದಿ ಕೊಡಿ.