ಹಳೆಯ ಎಲೆಕ್ಟ್ರಿಕ್ ಗಿಟಾರ್ ಕೊಳ್ಳುವಾಗ ಮೊದಲು ನೋಡಬೇಕಾದದ್ದು ನೆಕ್

ಧಾರವಾಡದಿಂದ ನೀವು ಕೇಳಿರುವ ಪ್ರಶ್ನೆ ಇಷ್ಟು: ಕೈಯಲ್ಲಿ 50,000 ರೂಪಾಯಿ ಇದೆ, ಎರಡು ಸೆಕೆಂಡ್ ಹ್ಯಾಂಡ್ ಸ್ಟ್ರಾಟೊಕಾಸ್ಟರ್‌ಗಳನ್ನು (ಅಮೆರಿಕದ ಫೆಂಡರ್ ಕಂಪನಿಯ ಎಲೆಕ್ಟ್ರಿಕ್ ಗಿಟಾರ್ ಮಾದರಿ) ನೋಡಿಟ್ಟಿದ್ದೀರಿ. ಒಂದು 1980ರ ದಶಕದ ಆರಂಭದಲ್ಲಿ ಜಪಾನಿನಲ್ಲಿ ತಯಾರಾದ ಸ್ಕ್ವಯರ್ (ಫೆಂಡರಿನದೇ ಕಡಿಮೆ ಬೆಲೆಯ ಬ್ರಾಂಡ್). ಮಾರುವವರು ಅದನ್ನು ‘ವಿಂಟೇಜ್’ ಎನ್ನುತ್ತಿದ್ದಾರೆ. ಇನ್ನೊಂದು 2010ರ ಸುಮಾರಿನ ಮೆಕ್ಸಿಕೊ ಫೆಂಡರ್. ಯಾವುದನ್ನು ಕೊಳ್ಳಬೇಕು, ನೋಡಲು ಹೋದಾಗ ಏನೇನು ಪರೀಕ್ಷಿಸಬೇಕು? ಇಪ್ಪತ್ತು ವರ್ಷಗಳಿಂದ ಗಿಟಾರ್ ನುಡಿಸುತ್ತಾ, ಬೆಂಗಳೂರಿನಲ್ಲಿ ಗೆಳೆಯರ ಗಿಟಾರ್‌ಗಳನ್ನು ಸರಿಮಾಡಿಕೊಡುತ್ತಾ ಬಂದವನಾಗಿ ನನಗೆ ತಿಳಿದಷ್ಟನ್ನು ಬರೆಯುತ್ತಿದ್ದೇನೆ.

‘ವಿಂಟೇಜ್’ ಎಂಬ ಮಾತಿಗೆಂದು ಹೆಚ್ಚು ಹಣ ಕೊಡಬೇಡಿ. ಆ ಮಾತಿಗೆ ಅಷ್ಟೊಂದು ಬೆಲೆ ಬಂದದ್ದು 1965ರ ಜನವರಿಯಲ್ಲಿ ಅಮೆರಿಕದ ಪ್ರಸಾರ ಸಂಸ್ಥೆ ಸಿಬಿಎಸ್ ಫೆಂಡರ್ ಕಂಪನಿಯನ್ನು ಕೊಳ್ಳುವುದಕ್ಕೆ ಮೊದಲಿನ ಗಿಟಾರ್‌ಗಳಿಂದ ಮತ್ತು ಇನ್ನೊಂದು ಗಿಟಾರ್ ಕಂಪನಿಯಾದ ಗಿಬ್ಸನ್ನಿನ 1958ರಿಂದ 1960ರವರೆಗಿನ ಸನ್‌ಬರ್ಸ್ಟ್ ಲೆಸ್ ಪಾಲ್‌ಗಳಿಂದ. ಅವು ನಮ್ಮ ನಿಮ್ಮ ಕೈಗೆ ಎಟುಕುವಂಥವಲ್ಲ. ಅದರ ನಂತರದ ಹಳೆಯ ಗಿಟಾರ್‌ಗಳಲ್ಲಿ ಒಳ್ಳೆಯವೂ ಇವೆ, ಸಾಧಾರಣವಾದವೂ ಇವೆ. 1971ರಿಂದ ಸುಮಾರು ಹತ್ತು ವರ್ಷ ಸ್ಟ್ರಾಟೊಕಾಸ್ಟರಿನ ನೆಕ್ಕನ್ನು, ಎಂದರೆ ತಂತಿಗಳು ಹಾದುಹೋಗುವ ಉದ್ದನೆಯ ಕೈಭಾಗವನ್ನು, ನಾಲ್ಕರ ಬದಲು ಮೂರೇ ಬೋಲ್ಟುಗಳಿಂದ ಬಿಗಿದರು. ಆ ಕಾಲದ ಎಷ್ಟೋ ಗಿಟಾರ್‌ಗಳಲ್ಲಿ ನೆಕ್ ತನ್ನ ಗೂಡಿನಲ್ಲಿ ಅಲುಗುತ್ತದೆ, ತೂಕವೂ ನಾಲ್ಕು ಕಿಲೊ ದಾಟುತ್ತದೆ. ನೀವು ನೋಡಿರುವ ಜಪಾನಿನ ಗಿಟಾರ್ ಮಾತ್ರ ನಿಜಕ್ಕೂ ಗೌರವಕ್ಕೆ ಅರ್ಹವಾದ ಸರಣಿಗೆ ಸೇರಿರಬಹುದು. 1982ರಲ್ಲಿ ಫೆಂಡರ್ ಜಪಾನ್ ಆರಂಭವಾದಾಗ ಮಾತ್ಸುಮೊಟೊ ನಗರದ ಫುಜಿಜೆನ್ ಕಾರ್ಖಾನೆ 1957 ಮತ್ತು 1962ರ ಮಾದರಿಗಳನ್ನು ಅತ್ಯಂತ ಶ್ರದ್ಧೆಯಿಂದ ಮತ್ತೆ ತಯಾರಿಸಿತು. ‘ಜೆವಿ’ ಅಕ್ಷರಗಳಿಂದ ಆರಂಭವಾಗುವ ಸಂಖ್ಯೆ ಇರುವವು ಆ ಮೊದಲ ವರ್ಷಗಳವು.

ಆದರೆ ಆ ಸಂಖ್ಯೆ ಇರುವುದು ಹಿಂಬದಿಯ ಲೋಹದ ಪಟ್ಟಿಯ ಮೇಲೆ, ಆ ಪಟ್ಟಿ ನಿಂತಿರುವುದು ನಾಲ್ಕು ಸ್ಕ್ರೂಗಳ ಮೇಲೆ. ಅದನ್ನು ಬಿಚ್ಚಿ ಬೇರೆ ಗಿಟಾರಿಗೆ ಹಾಕಲು ಐದು ನಿಮಿಷ ಸಾಕು. ಆದ್ದರಿಂದ ಸಂಖ್ಯೆಯೊಂದನ್ನೇ ನಂಬದೆ, ತಂತಿ ಸಡಿಲಿಸಿ ನೆಕ್ ಬಿಚ್ಚಿ ತೋರಿಸಲು ಸಾಧ್ಯವೇ ಎಂದು ಮಾರುವವರನ್ನು ವಿನಯದಿಂದ ಕೇಳಿ. ಬಿಚ್ಚಿದಾಗ ನೆಕ್ಕಿನ ಬುಡ, ದೇಹದಲ್ಲಿ ಅದು ಕೂರುವ ಗೂಡು, ಸ್ಕ್ರೂ ತೂತುಗಳು ಕಾಣುತ್ತವೆ. ತುಂಬಿ ಮುಚ್ಚಿದ ಹಳೆಯ ತೂತುಗಳಿದ್ದರೆ ಆ ನೆಕ್ ಬೇರೆ ಗಿಟಾರಿನಿಂದ ಬಂದಿರಬಹುದು. ಅಮೆರಿಕದ ಹಳೆಯ ಗಿಟಾರ್‌ಗಳಲ್ಲಿ ವಾಲ್ಯೂಮ್ ಗುಂಡಿಗೆ ಸೇರಿದ, ಸದ್ದನ್ನು ಹೆಚ್ಚು ಕಡಿಮೆ ಮಾಡುವ ಪಾಟ್‌ನ ಬೆನ್ನ ಮೇಲಿನ ಅಂಕಿಗಳೂ ನೆರವಾಗುತ್ತವೆ: 1376612 ಎಂದಿದ್ದರೆ 137 ತಯಾರಕರ ಗುರುತು, 66 ವರ್ಷ, 12 ವಾರ. ಪಾಟ್ ಮೂಲದ್ದೇ ಆಗಿದ್ದರೆ ಗಿಟಾರ್ ಅದಕ್ಕಿಂತ ಹಿಂದಿನದಲ್ಲ ಎಂಬುದಷ್ಟೇ ಇದರಿಂದ ತಿಳಿಯುತ್ತದೆ, ಏಕೆಂದರೆ ಕೊಂಡಿಟ್ಟ ಪಾಟ್‌ಗಳನ್ನು ವರ್ಷಗಳ ನಂತರವೂ ಬಳಸಿದ್ದುಂಟು.

ಇನ್ನು ನೆಕ್. ಬಣ್ಣ ಹೋಗಿದ್ದರೆ ಹೋಗಲಿ, ಬಿರಡೆ ಸವೆದಿದ್ದರೆ ಬದಲಾಯಿಸಬಹುದು, ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಸತ್ತಿದ್ದರೆ ಹೊಸದು ಸಿಗುತ್ತದೆ; ತಿರುಚಿಕೊಂಡ ನೆಕ್ಕನ್ನು ಮಾತ್ರ ಖರ್ಚಿಗೆ ತಕ್ಕ ಹಾಗೆ ಸರಿಮಾಡಲು ಆಗುವುದಿಲ್ಲ. ಬಡಗಿ ಹಲಗೆಯ ನೇರ ನೋಡುವಂತೆ ಒಂದು ಕಣ್ಣು ಮುಚ್ಚಿ, ದೇಹದ ಮೇಲೆ ತಂತಿಗಳನ್ನು ಹೊತ್ತ ಬ್ರಿಡ್ಜ್ ಕಡೆಯಿಂದ, ಬಿರಡೆಗಳ ಬಳಿ ತಂತಿಗಳು ಹಾಯುವ ಪಟ್ಟಿಯಾದ ನಟ್‌ನ ಕಡೆಗೆ, ನೆಕ್ಕಿನ ಮೇಲಿನ ಲೋಹದ ಅಡ್ಡಪಟ್ಟಿಗಳಾದ ಫ್ರೆಟ್‌ಗಳ ಸಾಲನ್ನು ನೋಡಿ. ಫ್ರೆಟ್‌ಗಳೆಲ್ಲ ಒಂದಕ್ಕೊಂದು ಸಮಾನಾಂತರವಾಗಿ ಕಾಣಬೇಕು. ತುದಿಗೆ ಹೋದಂತೆ ಒಂದು ಪಕ್ಕಕ್ಕೆ ವಾಲಿದ್ದರೆ ನೆಕ್ ತಿರುಚಿದೆ, ಅಲ್ಲಿಗೇ ಬಿಟ್ಟುಬಿಡಿ. ಆಮೇಲೆ ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲಿ ಒಂದು ಕೈಯಿಂದ, ನೆಕ್ ದೇಹಕ್ಕೆ ಸೇರುವಲ್ಲಿ ಇನ್ನೊಂದು ಕೈಯಿಂದ ಒತ್ತಿಹಿಡಿದು, ಏಳನೇ ಫ್ರೆಟ್‌ನ ಮೇಲೆ ಎಷ್ಟು ಸಂದು ಇದೆ ನೋಡಿ. ಅಲ್ಲಿ ಸುಮಾರು 0.25 ಮಿಲಿಮೀಟರ್, ಎಂದರೆ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದು ಇದ್ದರೆ ಸರಿಯಾಗಿದೆ. ಹೆಚ್ಚಿದ್ದರೆ ನೆಕ್ಕಿನೊಳಗಿನ ಲೋಹದ ಸರಳಾದ ಟ್ರಸ್ ರಾಡ್ ಬಿಗಿದು ಸರಿಪಡಿಸಬಹುದು, ಆ ರಾಡ್ ಇನ್ನೂ ತಿರುಗುವಂತಿದ್ದರೆ.

ಆ ಕೊನೆಯ ಮಾತಿನ ಬೆಲೆ ನನಗೆ ಅನುಭವದಿಂದ ಗೊತ್ತು. ಹಲವು ವರ್ಷಗಳ ಹಿಂದೆ ಒಬ್ಬರ ಮನೆಯಲ್ಲಿ ಒಂದು ಹಳೆಯ ಗಿಟಾರಿನ ನಾದಕ್ಕೆ ಸೋತು, ರಾಡನ್ನು ಮುಟ್ಟಿಯೂ ನೋಡದೆ ಹಣ ಎಣಿಸಿ ತಂದೆ. ಮೊದಲ ಮಳೆಯ ವಾರದಲ್ಲೇ ನೆಕ್ ಬಿಲ್ಲಿನಂತೆ ಬಾಗಿ ತಂತಿಗಳು ಮೇಲೆದ್ದವು. ಕೀ ಹಾಕಿ ನೋಡಿದರೆ ರಾಡನ್ನು ಬಿಗಿಯುವ ನಟ್ ಆಗಲೇ ಕೊನೆಯವರೆಗೂ ಬಿಗಿಯಾಗಿತ್ತು, ಇನ್ನೊಂದು ಕೂದಲೆಳೆಯಷ್ಟೂ ತಿರುಗಲಿಲ್ಲ. ಆ ಗಿಟಾರನ್ನು ಮತ್ತೆ ಮನಸ್ಸಿಟ್ಟು ನುಡಿಸಲು ಆಗಲೇ ಇಲ್ಲ. ನಿಮ್ಮ ಜಪಾನಿನ ಗಿಟಾರ್ ಹಳೆಯ ಮಾದರಿಯದಾಗಿದ್ದರೆ ಅದರ ರಾಡಿನ ನಟ್ ನೆಕ್ಕಿನ ಬುಡದಲ್ಲಿ, ದೇಹದ ಒಳಬದಿಗೆ ಇರುತ್ತದೆ. ನೆಕ್ ಬಿಚ್ಚಿಸಲು ಇದು ಇನ್ನೊಂದು ಕಾರಣ. ಮೆಕ್ಸಿಕೊ ಫೆಂಡರಿನಲ್ಲಿ ಅದು ಬಿರಡೆಗಳಿರುವ ಹೆಡ್‌ಸ್ಟಾಕ್ ಕಡೆಯೇ ಸಿಗುತ್ತದೆ, ಅಲೆನ್ ಕೀ ಒಯ್ದು ಕಾಲು ಸುತ್ತು ತಿರುಗಿಸಿ ನೋಡಲು ಅನುಮತಿ ಕೇಳಿ.

ನೆಕ್ ಚೆನ್ನಾಗಿದ್ದರೆ ಫ್ರೆಟ್‌ಗಳತ್ತ ಬನ್ನಿ. ವೀಣೆಯ ಮೆಟ್ಟಿಲುಗಳು ಮೇಣದ ಮೇಲೆ ಕೂತಿರುವುದರಿಂದ ಹೊಸದಾಗಿ ಮೇಣ ಹಾಕಿ ಮೇಳ ಕಟ್ಟಿಸಬಹುದು. ಗಿಟಾರಿನ ಫ್ರೆಟ್‌ಗಳನ್ನು ಮರದ ಸೀಳಿನೊಳಗೆ ಬಡಿದು ಕೂರಿಸಿರುತ್ತಾರೆ, ಸವೆದರೆ ಅರದಿಂದ ಒಂದೆರಡು ಸಲ ಸಮ ಮಾಡಬಹುದು, ಆಮೇಲೆ ಎಲ್ಲವನ್ನೂ ಕಿತ್ತು ಹೊಸದನ್ನು ಹಾಕಿಸಬೇಕು. ಮೊದಲ ಮೂರು ಫ್ರೆಟ್‌ಗಳಲ್ಲಿ ತಂತಿಯ ಕೆಳಗೆ ಬಿದ್ದಿರುವ ಗುಂಡಿಗಳನ್ನು ಉಗುರಿನಿಂದ ಮುಟ್ಟಿ ನೋಡಿ. ಆಂಪ್ಲಿಫೈಯರ್ ಹಚ್ಚುವುದಕ್ಕೆ ಮೊದಲೇ ಪ್ರತಿ ತಂತಿಯ ಪ್ರತಿ ಫ್ರೆಟ್ಟನ್ನೂ ನಿಧಾನವಾಗಿ ನುಡಿಸಿ. ಗುಂಯ್‌ಗುಟ್ಟುವ, ಬೇಗ ಸಾಯುವ ಸ್ವರಗಳನ್ನು ಗುರುತು ಹಾಕಿಕೊಳ್ಳಿ. ಹನ್ನೆರಡರಿಂದ ಹದಿನೈದನೇ ಫ್ರೆಟ್‌ವರೆಗೆ ತೆಳು ತಂತಿಯನ್ನು ಒಂದು ಪೂರ್ಣ ಸ್ವರದಷ್ಟು ಎಳೆದು ನೋಡಿ. ಹಳೆಯ ಮಾದರಿಯ ನೆಕ್ಕಿನ ಮೇಲ್ಮೈ 7.25 ಇಂಚು ತ್ರಿಜ್ಯದ ದುಂಡಾಗಿರುವುದರಿಂದ ತಂತಿ ತೀರ ಕೆಳಗಿದ್ದರೆ ಎಳೆದಾಗ ಸ್ವರ ಉಸಿರುಗಟ್ಟುತ್ತದೆ. ಅದು ದೋಷವಲ್ಲ, ಆ ವಿನ್ಯಾಸದ ಸ್ವಭಾವ. ತಂತಿಯನ್ನು ತುಸು ಎತ್ತಿದರೆ ಸರಿಯಾಗುತ್ತದೆ. ಮೆಕ್ಸಿಕೊ ಫೆಂಡರಿನದು 9.5 ಇಂಚು, ಆ ತೊಂದರೆ ಅಲ್ಲಿ ಬಹಳ ಕಡಿಮೆ.

ಫ್ರೆಟ್‌ಬೋರ್ಡ್ ರೋಸ್‌ವುಡ್ ಆಗಿದ್ದರೆ ಅದರ ಅಂಚಿನ ಉದ್ದಕ್ಕೂ ಬೆರಳು ಎಳೆಯಿರಿ. ಫೆಂಡರ್ 1960ರ ದಶಕದ ಮಧ್ಯದಲ್ಲಿ ಬ್ರೆಜಿಲ್ ರೋಸ್‌ವುಡ್ ಬಿಟ್ಟು ಭಾರತದ ರೋಸ್‌ವುಡ್ ಬಳಸತೊಡಗಿತು. ಅದು ನಮ್ಮ ಮಲೆನಾಡಿನಲ್ಲಿ ಬೆಳೆಯುವ ಬೀಟೆಯೇ. ಬೇಸಿಗೆಯ ಒಣಹವೆಗೆ ಮರ ಕುಗ್ಗಿ ಫ್ರೆಟ್‌ಗಳ ತುದಿ ಹೊರಚಾಚಿ ಗೀರುತ್ತದೆ. ಇದು ಸಣ್ಣ ಕೆಲಸ, ಅದಕ್ಕಾಗಿ ಗಿಟಾರ್ ಬಿಡಬೇಡಿ. ಕರಾವಳಿಯಲ್ಲಿದ್ದ ಗಿಟಾರ್ ಆದರೆ ಬ್ರಿಡ್ಜಿನ ಸಣ್ಣ ಸ್ಕ್ರೂಗಳು ತುಕ್ಕು ಹಿಡಿದು ಕಚ್ಚಿಕೊಂಡಿವೆಯೇ ನೋಡಿ.

ವಿದ್ಯುತ್ ಭಾಗಕ್ಕೆ ಹೆಚ್ಚು ಚಿಂತೆ ಬೇಡ. ಗುಂಡಿ ತಿರುಗಿಸುವಾಗ ಬರುವ ಪರಪರ ಸದ್ದು ಸಾಮಾನ್ಯವಾಗಿ ಕಾಂಟ್ಯಾಕ್ಟ್ ಕ್ಲೀನರ್‌ನಿಂದ ಹೋಗುತ್ತದೆ. ಒಂದು ಮಲ್ಟಿಮೀಟರ್ ಒಯ್ಯಿರಿ: ಕೇಬಲ್ ಚುಚ್ಚಿ, ವಾಲ್ಯೂಮ್ ಪೂರ್ತಿ ಇಟ್ಟು, ಕೇಬಲ್ಲಿನ ಇನ್ನೊಂದು ತುದಿಯಲ್ಲಿ ಅಳೆದರೆ ಸ್ಟ್ರಾಟೊಕಾಸ್ಟರಿನ ಒಂದೊಂದು ಪಿಕಪ್ ಸಾಧಾರಣವಾಗಿ 5.5ರಿಂದ 6.5 ಕಿಲೊಓಮ್ ತೋರಿಸುತ್ತದೆ. 250 ಕಿಲೊಓಮ್ ಹತ್ತಿರ ತೋರಿಸಿದರೆ ನೀವು ಅಳೆಯುತ್ತಿರುವುದು ಪಾಟನ್ನು ಮಾತ್ರ. ಆ ಪಿಕಪ್ಪಿನ ಸುರುಳಿಯೋ ವೈರೋ ಎಲ್ಲೋ ತುಂಡಾಗಿದೆ. ಜಪಾನಿನ ಗಿಟಾರಿನಲ್ಲಿ ಮೂಲ ಪಿಕಪ್‌ಗಳೇ ಇವೆಯೇ ಎಂಬುದು ಬೆಲೆಯನ್ನು ಸಾಕಷ್ಟು ಬದಲಿಸುವುದರಿಂದ, ಬೆಸುಗೆ ಹೊಸದಾಗಿ ಹೊಳೆಯುತ್ತಿದ್ದರೆ ಕಾರಣ ಕೇಳಿ.

ಎರಡೂ ನೆಕ್‌ಗಳು ನೇರವಾಗಿದ್ದು, ಜಪಾನಿನದು ನಿಜವಾಗಿ ಜೆವಿ ಸರಣಿಯದೇ ಆಗಿದ್ದು, ಅದರ ಫ್ರೆಟ್‌ಗಳಲ್ಲಿ ಇನ್ನೂ ಜೀವ ಉಳಿದಿದ್ದರೆ ನಾನು ಅದನ್ನೇ ಕೊಳ್ಳುತ್ತೇನೆ. ಆ ಕಾಲದ ಫುಜಿಜೆನ್ ಕೈಕೆಲಸದ ಮೇಲೆ ನನಗೆ ಅಷ್ಟು ಪ್ರೀತಿ ಇದೆ. ಫ್ರೆಟ್‌ಗಳು ಮುಗಿದಿದ್ದರೆ ಹೊಸದು ಹಾಕಿಸುವ ಖರ್ಚನ್ನು ರಿಪೇರಿಯವರಿಂದ ಮೊದಲೇ ಕೇಳಿ, ಅಷ್ಟನ್ನು ಬೆಲೆಯಲ್ಲಿ ಕಡಿಮೆ ಮಾಡಿಸಿ. ಮಾರುವವರು ನೆಕ್ ಬಿಚ್ಚಲು ಒಪ್ಪದಿದ್ದರೆ, ಅಥವಾ ತಂತಿ ಎಳೆದು ನುಡಿಸುವುದೇ ನಿಮ್ಮ ಶೈಲಿಯಾಗಿದ್ದರೆ ಮೆಕ್ಸಿಕೊ ಫೆಂಡರ್ ತೆಗೆದುಕೊಳ್ಳಿ. ಯಾವುದನ್ನೇ ತಂದರೂ ಹೊಸ ತಂತಿ ಹಾಕಿ, ಧಾರವಾಡದ ಹವೆಗೆ ಹತ್ತು ದಿನ ಹೊಂದಿಕೊಳ್ಳಲು ಬಿಟ್ಟು, ಆಮೇಲೆ ಸೆಟಪ್ (ನೆಕ್ಕಿನ ಬಾಗು, ತಂತಿಯ ಎತ್ತರ ಹೊಂದಿಸುವ ಕೆಲಸ) ಮಾಡಿಸಿ.