ನ್ಯೂಜಿಲೆಂಡ್‌ಗೆ ತರುವ ತಿಂಡಿ, ಮನೆಸಾಮಾನಿನ ನಿಯಮ: ಜನರ ಅಭಿಪ್ರಾಯ ಕೇಳಿದ್ದಾರೆ, ಬರೆದರೆ ಪ್ರಯೋಜನ ಇದೆಯಾ?

ಹೊರದೇಶದಿಂದ ತರುವ ತಿಂಡಿ, ಸಾಮಾನಿನ ನಿಯಮದ ಕರಡು ಮಾಡಿ ನ್ಯೂಜಿಲೆಂಡ್ ಸರ್ಕಾರ ಜನರ ಅಭಿಪ್ರಾಯ ಕೇಳುತ್ತದೆ. ಅದಕ್ಕೆ ನಮ್ಮ ತಿಂಡಿಗಳಿಗೆ ರಿಯಾಯಿತಿ ಕೊಡಿ ಅಂತ ಬರೆಯಬೇಕಾ, ಇಲ್ಲಾ ಇದೆಲ್ಲ ಬರೀ ತೋರಿಕೆಯಾ ಅಂತ ಕೇಳಿದ್ದೀರಿ. ಎಂಟು ವರ್ಷದ ಹಿಂದೆ ನಾನೂ ಇದನ್ನೇ ಕೇಳುತ್ತಿದ್ದೆ. ಆಮೇಲೆ ನಮ್ಮ ಅಜ್ಜಿಯ ಮೊರ ಕಳೆದುಕೊಂಡೆ.

ತಿಪಟೂರಿನ ಕಡೆಯ ನಮ್ಮ ಮನೆಯಿಂದ ಆಕ್ಲೆಂಡ್‌ಗೆ ಹಡಗಿನಲ್ಲಿ ಹದಿನಾರು ಪೆಟ್ಟಿಗೆ ಕಳಿಸಿದ್ದೆವು. ಪಾತ್ರೆ, ಸೀರೆ, ಪುಸ್ತಕ, ಒರಳುಕಲ್ಲು, ಈಳಿಗೆಮಣೆ, ಎರಡು ಕಡ್ಡಿಪೊರಕೆ, ಬಿದಿರಿನ ಮೊರ. ಪ್ಯಾಕಿಂಗ್‌ನವರು, "ಜಾಸ್ತಿ ಬಿಡಿಸಿ ಬರೀಬೇಡಿ ಮೇಡಂ, ಬರೆದಷ್ಟೂ ಕೇಳ್ತಾರೆ" ಅಂದರು. ಸಾಮಾನಿನ ಪಟ್ಟಿಯಲ್ಲಿ ಏಳನೇ ಪೆಟ್ಟಿಗೆಯ ಮುಂದೆ "ಅಡುಗೆಮನೆ ಸಾಮಾನು" ಅಂತ ಬರೆದು ಸಹಿ ಹಾಕಿದೆ.

ತಪ್ಪಾಗಿದ್ದು ಇಲ್ಲೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಮ್ಮವರು ತುಂಬ ಜನ ಎಡವುವುದು ಇಲ್ಲೇ. ಗಿಡಮರದಿಂದ ಮಾಡಿದ ವಸ್ತು ಏನಾದರೂ ಇದೆಯಾ ಅಂತ ಫಾರಂನಲ್ಲಿ ಕೇಳಿದ್ದರು. ನಾನು ಇಲ್ಲ ಅಂದೆ. ಸುಳ್ಳು ಹೇಳಬೇಕು ಅಂತ ಅಲ್ಲ. ನನ್ನ ಲೆಕ್ಕದಲ್ಲಿ ಮೊರ ಅಂದರೆ ಪಾತ್ರೆ ಪಗಡೆ ಜೊತೆ ಇರುವ ಸಾಮಾನು. ಪೊರಕೆಯೂ ಅಷ್ಟೆ. ಅದು ಬಿದಿರು, ಇದು ತೆಂಗಿನ ಗರಿ ಅನ್ನುವುದು ತಲೆಗೇ ಬರಲಿಲ್ಲ. ಪ್ಯಾಕಿಂಗ್‌ನವರು ಏನೇ ಹೇಳಲಿ, ಸಹಿ ನನ್ನದು.

ಗೋದಾಮಿನಲ್ಲಿ ತಪಾಸಣೆಯವರು ಬಿಳಿ ಹಾಳೆ ಹಾಸಿ, ಮೊರವನ್ನು ಅದರ ಮೇಲೆ ಎರಡು ಸಲ ಮೆಲ್ಲಗೆ ತಟ್ಟಿದರು. ಮೈದಾದಂಥ ನುಣ್ಣನೆ ಪುಡಿ ಉದುರಿತು. ಅಂಚಿನ ಬಿದಿರಿನಲ್ಲಿ ಸೂಜಿಮೊನೆಯಷ್ಟು ತೂತುಗಳು. ಕುಟ್ಟೆ ಹುಳ! ಊರಲ್ಲಿ ಅದೇ ಪುಡಿಯನ್ನು ಎಷ್ಟು ಸಲ ಸೆರಗಿನಲ್ಲಿ ಒರೆಸಿದ್ದೆನೋ. ಒರಳಿನ ತಳಕ್ಕೆ ಅಂಟಿದ್ದ ಹಿತ್ತಲ ಮಣ್ಣೂ ಸಿಕ್ಕಿತು. ಒಂದು ಪೆಟ್ಟಿಗೆಯ ಪಟ್ಟಿ ತಪ್ಪು ಅಂದಮೇಲೆ ಉಳಿದ ಹದಿನೈದನ್ನೂ ಬಿಚ್ಚಿಸಿದರು. ಎರಡೂವರೆ ವಾರ, ತಪಾಸಣೆ ಮತ್ತು ಗೋದಾಮಿನ ಬಾಡಿಗೆ ಸೇರಿ 700 ಡಾಲರ್ ಹತ್ತಿರ. ಕಲ್ಲನ್ನು ತೊಳೆಸಿ ಕೊಟ್ಟರು. ಮೊರವನ್ನು ನಾಶ ಮಾಡಿದರು. ಮೊದಲೇ ಸರಿಯಾಗಿ ಬರೆದು ಕೇಳಿದ್ದರೆ ಅದು ಇವತ್ತಿಗೂ ನಮ್ಮ ಅಟ್ಟದ ಮೇಲೆ ಇರುತ್ತಿತ್ತು.

ಅದಕ್ಕೇ ರಿಯಾಯಿತಿ ಕೇಳುವ ನಿಮ್ಮ ಯೋಚನೆಯನ್ನು ನಾನು ಒಪ್ಪುವುದಿಲ್ಲ. ಹುಳ, ರೋಗ ಒಳಗೆ ಬರಬಾರದು ಅಂತಲೇ ಈ ನಿಯಮ ಇರುವುದು. ಕಾಲುಬಾಯಿ ಜ್ವರ ಬಂದ ಹಸುವನ್ನು ನೀವು ನೋಡಿದ್ದೀರಾ? ಬಾಯಿಂದ ಜೊಲ್ಲು ಸುರಿಯುತ್ತಾ, ಮೇವು ಮುಟ್ಟದೆ, ಕಾಲು ಊರಲಾಗದೆ ನಿಂತಿರುತ್ತದೆ. ನಮ್ಮ ಕೊಟ್ಟಿಗೆಯಲ್ಲಿ ನೋಡಿದ್ದೇನೆ. ನ್ಯೂಜಿಲೆಂಡಿಗೆ ಆ ರೋಗ ಇದುವರೆಗೆ ಬಂದೇ ಇಲ್ಲ, ಈ ದೇಶ ನಡೆಯುವುದೇ ಹಾಲಿನ ಮೇಲೆ. 2010ರಲ್ಲಿ ಇಲ್ಲಿನ ಟೆ ಪುಕೆ ಊರಿನಲ್ಲಿ ಪಿಎಸ್‌ಎ ಅನ್ನುವ ಬ್ಯಾಕ್ಟೀರಿಯಾ ರೋಗ ಬಂದು ಕಿವಿ ಹಣ್ಣಿನ ತೋಟಗಳೇ ಹಾಳಾದವು. 2025ರ ಜನವರಿಯಲ್ಲಿ ಆಕ್ಲೆಂಡಿನ ಪಾಪಟೋಯ್‌ಟೋಯ್‌ನಲ್ಲಿ, ನಮ್ಮವರು ಜಾಸ್ತಿ ಇರುವ ಬಡಾವಣೆಯಲ್ಲಿ, ಒಂದೇ ಒಂದು ಹಣ್ಣುನೊಣ ಸಿಕ್ಕಿದ್ದಕ್ಕೆ ಹಿತ್ತಲ ಹಣ್ಣು ತರಕಾರಿಯನ್ನು ಆ ಪ್ರದೇಶದ ಆಚೆ ಒಯ್ಯುವ ಹಾಗಿರಲಿಲ್ಲ.

ಹಾಗಂತ ಬರೆಯಬೇಡಿ ಅನ್ನುತ್ತಿಲ್ಲ. ಖಂಡಿತ ಬರೆಯಿರಿ. ಇದು ತೋರಿಕೆ ಅಲ್ಲ, ಇಂಥ ಆಮದು ನಿಯಮ ಮಾಡುವ ಮೊದಲು ಸಂಬಂಧಪಟ್ಟವರನ್ನು ಕೇಳಬೇಕು ಅಂತ 1993ರ ಜೈವಿಕ ಸುರಕ್ಷತಾ ಕಾಯ್ದೆಯಲ್ಲೇ ಇದೆ. ಆದರೆ ವಾಟ್ಸಾಪ್‌ನಲ್ಲಿ ಬಂದ ಒಂದೇ ಒಕ್ಕಣೆಯನ್ನು ನಲವತ್ತು ಜನ ಕಳಿಸಬೇಡಿ. ಇದೇನು ವೋಟಲ್ಲ. ಅವರಿಗೆ ಗೊತ್ತಿಲ್ಲದ, ನಿಮಗೆ ಮಾತ್ರ ಗೊತ್ತಿರುವ ವಿಷಯ ಬರೆಯಿರಿ. ಹಸಿ ಹುರುಳಿಕಾಳು ನೆನೆಸಿದರೆ ಮೊಳಕೆ ಬರುತ್ತದೆ, ಘಂ ಅನ್ನುವ ಹಾಗೆ ಹುರಿದು ಪುಡಿ ಮಾಡಿದ ಮೇಲೆ ಬರುವುದಿಲ್ಲ, ಅಲ್ವಾ? ಚಟ್ನಿಪುಡಿಗೆ ಏನೇನು ಬೀಳುತ್ತದೆ, ಎಷ್ಟು ಹುರಿಯುತ್ತೇವೆ, ಸಂಡಿಗೆ ಎಷ್ಟು ದಿನ ಒಣಗುತ್ತದೆ, ಮನೆಯಲ್ಲಿ ಮಾಡಿದ್ದಕ್ಕೆ ಲೇಬಲ್ ಇಲ್ಲದಿದ್ದರೆ ಏನು ತೋರಿಸಬೇಕು, ಇಂಥದ್ದನ್ನು ಕೇಳಿ, ಹೇಳಿ. ಕರಡಿನ ಯಾವ ಅಂಶದ ಬಗ್ಗೆ ಹೇಳುತ್ತಿದ್ದೀರಿ ಅನ್ನುವುದನ್ನೂ ಹಾಕಿ. ನೀವು ಬರೆದದ್ದು ಬೇರೆಯವರು ಕೇಳಿದರೆ ಸಿಗಬಹುದು, ಹೆಸರು ಹೊರಗೆ ಬರಬಾರದು ಅಂದರೆ ಅದನ್ನು ಅಲ್ಲೇ ತಿಳಿಸಿ.

ನಿಯಮ ಬದಲಾಗುವವರೆಗೆ ಅಪ್ಪ ಅಮ್ಮ ಯಾರೇ ಬರಲಿ, ತಿಂಡಿ ಪೊಟ್ಟಣ ಒಂದಿದ್ದರೂ ಪ್ರಯಾಣಿಕರ ಫಾರಂನಲ್ಲಿ ಹೌದು ಅಂತಲೇ ಹೇಳಿಸಿ. ಹೇಳಿದ್ದಕ್ಕೆ ದಂಡ ಇಲ್ಲ, ಹೆಚ್ಚೆಂದರೆ ಆ ವಸ್ತು ಹೋಗುತ್ತದೆ. ಹೇಳದೆ ಸಿಕ್ಕಿಬಿದ್ದರೆ ಅಲ್ಲೇ 400 ಡಾಲರ್ ದಂಡ.

ನಾನಂತೂ ಪ್ರತಿ ಸಲ ಒಂದೇ ವಿಷಯ ಕೇಳುತ್ತೇನೆ. ಮನೆಸಾಮಾನಿನ ಫಾರಂನಲ್ಲಿ ಬಿದಿರು, ಬೆತ್ತ, ನಾರು, ಗರಿ ಅಂತ ಬೇರೆ ಸಾಲು ಇರಲಿ, ಪಕ್ಕದಲ್ಲಿ ಒಂದು ಮೊರದ, ಒಂದು ಪೊರಕೆಯ ಚಿತ್ರ ಹಾಕಿ ಅಂತ.